ಪರದೆಮುದ್ರಿಕೆಯ ಪಾಠಗಳು: ಕನ್ನಡದ ಧ್ವನಿ, ಇಂಗ್ಲಿಷಿನ ಪರದೆ

ದಾವಣಗೆರೆಗೆ ವಿದ್ಯಾನಗರಿಯೆಂಬ ಹೆಸರು ಬಂದು ಬಹುಕಾಲವಾಯಿತು. ಬಿ.ಡಿ.ಟಿ. ಎಂಜಿನಿಯರಿಂಗ್ ಕಾಲೇಜು ಆರಂಭವಾದದ್ದು 1951ರಲ್ಲಿ, ಬಾಪೂಜಿ ಎಂಜಿನಿಯರಿಂಗ್ ಕಾಲೇಜು 1979ರಲ್ಲಿ. ಎಸ್.ಎಸ್. ಬಡಾವಣೆಯಂಥ ಬಡಾವಣೆಗಳಲ್ಲಿ ಕೊಠಡಿ ಹಿಡಿದು ಓದುವ ಹುಡುಗ ಹುಡುಗಿಯರಲ್ಲಿ ಜಗಳೂರು, ಹರಪನಹಳ್ಳಿ, ಚನ್ನಗಿರಿ, ಹೊನ್ನಾಳಿ ಕಡೆಯವರು ಅನೇಕರು. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ, ಡಿಪ್ಲೊಮಾ ಇಲ್ಲವೇ ಪದವಿ ತರಗತಿಗೆ ಬಂದೊಡನೆ ಅವರಿಗೆ ಎರಡು ಅಪರಿಚಿತ ವಸ್ತುಗಳು ಒಟ್ಟಿಗೆ ಎದುರಾಗುತ್ತವೆ: ಒಂದು ಗಣಕಯಂತ್ರ, ಇನ್ನೊಂದು ಇಂಗ್ಲಿಷಿನಲ್ಲಿ ನಡೆಯುವ ಪಾಠ. ಈ ಇಬ್ಬಗೆಯ ಕಷ್ಟದಲ್ಲಿ ಅರ್ಧವನ್ನಾದರೂ ಇಳಿಸುವುದಾಗಿ ಹೇಳಿಕೊಂಡು ಬಂದ ಒಂದು ಬೋಧನಾ ಸಾಧನವನ್ನು ಇಲ್ಲಿ ಪರಿಶೀಲಿಸಲಾಗಿದೆ.

ಗಣಕದ ಪರದೆಯ ಮೇಲೆ ನಡೆಯುವುದನ್ನೆಲ್ಲ ಹಾಗೆಯೇ ಚಲನಚಿತ್ರವಾಗಿ ದಾಖಲಿಸಿ, ಅದರೊಂದಿಗೆ ವಿವರಣೆಯ ಮಾತನ್ನೂ ಸೇರಿಸಿದರೆ ದೊರೆಯುವುದೇ ಈ ಸಾಧನ. ಇಂಗ್ಲಿಷಿನಲ್ಲಿ ಇದಕ್ಕೆ ಸ್ಕ್ರೀನ್‌ಕಾಸ್ಟ್ ಎಂದು ಹೆಸರು. ಜಾನ್ ಉಡೆಲ್ ಎಂಬ ತಂತ್ರಜ್ಞಾನ ಲೇಖಕರು 2004ರಲ್ಲಿ ತಮ್ಮ ಓದುಗರಿಂದಲೇ ಸಲಹೆ ಕೇಳಿ ಆರಿಸಿದ ಹೆಸರಿದು. ಹೆಸರು ಹೊಸದಾದರೂ ತಂತ್ರ ಹಳೆಯದು. ಲೋಟಸ್ ಸಂಸ್ಥೆಯ ಸ್ಕ್ರೀನ್‌ಕ್ಯಾಮ್ ಎಂಬ ತಂತ್ರಾಂಶ 1990ರ ದಶಕದಲ್ಲಿಯೇ ಈ ಕೆಲಸ ಮಾಡುತ್ತಿತ್ತು. ಕನ್ನಡದಲ್ಲಿ ಧ್ವನಿಮುದ್ರಿಕೆ ಎಂಬ ಪದ ನಮಗೆ ಚೆನ್ನಾಗಿ ಪರಿಚಿತ. ಅದೇ ಜಾಡಿನಲ್ಲಿ ಇದನ್ನು ಪರದೆಮುದ್ರಿಕೆ ಎಂದು ಕರೆದರೆ ತಪ್ಪಾಗಲಾರದು.

ಇದರ ತಾಂತ್ರಿಕ ಲಾಭವನ್ನು ಒಂದು ಸಣ್ಣ ಲೆಕ್ಕದಿಂದ ತಿಳಿಯಬಹುದು. ಅಡ್ಡಕ್ಕೆ 1024, ಉದ್ದಕ್ಕೆ 768 ಬಿಂದುಗಳಿರುವ ಪರದೆಯಲ್ಲಿ ಪ್ರತಿ ಬಿಂದುವಿನ ಬಣ್ಣಕ್ಕೆ 3 ಬೈಟ್‌ಗಳಂತೆ ಹಿಡಿದರೆ ಒಂದು ಚಿತ್ರಕ್ಕೆ ಸುಮಾರು 23.6 ಲಕ್ಷ ಬೈಟ್ ಬೇಕು. ಸೆಕೆಂಡಿಗೆ 10 ಚಿತ್ರಗಳಂತೆ 10 ನಿಮಿಷ ದಾಖಲಿಸಿದರೆ 14 ಗಿಗಾಬೈಟ್ ಮೀರುತ್ತದೆ. ಆದರೆ ಪಾಠ ನಡೆಯುವಾಗ ಪರದೆಯ ಬಹುಭಾಗ ಅಲುಗಾಡುವುದೇ ಇಲ್ಲ. ಮೌಸಿನ ಬಾಣ ಸರಿಯುತ್ತದೆ, ಒಂದು ಪಟ್ಟಿ ತೆರೆಯುತ್ತದೆ, ನಾಲ್ಕು ಅಕ್ಷರ ಮೂಡುತ್ತವೆ, ಅಷ್ಟೇ. ಬದಲಾದ ಭಾಗವನ್ನು ಮಾತ್ರ ಬರೆದಿಟ್ಟುಕೊಂಡರೆ ಸಾಕಾದ್ದರಿಂದ ಇಡೀ ಪಾಠ ಕೆಲವು ಮೆಗಾಬೈಟ್‌ಗಳಿಂದ ಹತ್ತಾರು ಮೆಗಾಬೈಟ್‌ಗಳೊಳಗೆ ಮುಗಿಯುತ್ತದೆ. ಮನುಷ್ಯರ ಮುಖ, ಕೈಕಾಲು, ಮರಗಿಡ ಇರುವ ಚಿತ್ರಕ್ಕೆ ಈ ಅನುಕೂಲವಿಲ್ಲ. ಅಂತರಜಾಲ ಸಂಪರ್ಕ ನಿಧಾನವಾಗಿದ್ದ ಕಾಲದಲ್ಲಿ ತಾಲ್ಲೂಕು ಕೇಂದ್ರಗಳ ಕಾಲೇಜುಗಳಿಗೆ ಸಿ.ಡಿ.ಯಲ್ಲಿಯೋ ಪೆನ್‌ಡ್ರೈವಿನಲ್ಲಿಯೋ ನೂರಾರು ಪಾಠಗಳನ್ನು ಒಯ್ಯಲು ಸಾಧ್ಯವಾದುದು ಈ ಕಾರಣದಿಂದ.

ಈ ಮಾದರಿಯನ್ನು ಜಗತ್ತಿಗೆ ಪರಿಚಯಿಸಿದವರಲ್ಲಿ ಸಲ್ಮಾನ್ ಖಾನ್ ಮುಖ್ಯರು. 2004ರಲ್ಲಿ ದೂರದೂರಿನ ಸೋದರಸಂಬಂಧಿ ಬಾಲಕಿಗೆ ಗಣಿತ ಹೇಳಿಕೊಡಲು ತೊಡಗಿದ ಅವರು 2006ರಿಂದ ಪಾಠಗಳನ್ನು ಯೂಟ್ಯೂಬಿಗೆ ಏರಿಸಿದರು. ಕಪ್ಪು ಹಿನ್ನೆಲೆ, ಬಣ್ಣದ ಬರಹ, ಹಿಂದೆ ಒಂದು ಧ್ವನಿ; ಬೋಧಕರ ಮುಖ ಕಾಣುವುದಿಲ್ಲ. ನಮ್ಮ ದೇಶದಲ್ಲಿ ಇದೇ ತತ್ತ್ವವನ್ನು ತಂತ್ರಾಂಶ ಕಲಿಕೆಗೆ ವ್ಯವಸ್ಥಿತವಾಗಿ ಅಳವಡಿಸಿದ್ದು ಮುಂಬಯಿಯ ಐ.ಐ.ಟಿ.ಯ ಸ್ಪೋಕನ್ ಟ್ಯುಟೋರಿಯಲ್ ಯೋಜನೆ. ರಾಸಾಯನಿಕ ಎಂಜಿನಿಯರಿಂಗ್ ಪ್ರಾಧ್ಯಾಪಕರಾದ ಕಣ್ಣನ್ ಮೌದ್ಗಲ್ಯ ಅವರ ನೇತೃತ್ವದಲ್ಲಿ, ಆಗಿನ ಕೇಂದ್ರ ಮಾನವ ಸಂಪನ್ಮೂಲ ಅಭಿವೃದ್ಧಿ ಸಚಿವಾಲಯದ ನೆರವಿನಿಂದ ಅದು ಬೆಳೆಯಿತು. ಸೈಲ್ಯಾಬ್, ಲೇಟೆಕ್, ಲಿಬ್ರೆ ಆಫೀಸ್, ಸಿ ಮತ್ತು ಸಿ++, ಜಾವಾ, ಪೈಥಾನ್, ಪಿ.ಎಚ್.ಪಿ., ಗಿಂಪ್, ಲಿನಕ್ಸ್ ಹೀಗೆ ಹಣ ಕೊಡದೆ ಪಡೆಯಬಹುದಾದ ಮುಕ್ತ ತಂತ್ರಾಂಶಗಳೇ ಅದರ ವಿಷಯ. ಪ್ರತಿ ಪಾಠ ಸುಮಾರು 10 ನಿಮಿಷ. ಮೊದಲು ಇಂಗ್ಲಿಷಿನಲ್ಲಿ ತಯಾರಾದ ಪಾಠಕ್ಕೆ ಕನ್ನಡವೂ ಸೇರಿದಂತೆ ಭಾರತೀಯ ಭಾಷೆಗಳ ಧ್ವನಿಯನ್ನು ಜೋಡಿಸಲಾಗುತ್ತದೆ. ಈ ಲೇಖನದ ಕಣ್ಣಿರುವುದು ಮುಖ್ಯವಾಗಿ ಈ ಕನ್ನಡ ಪಾಠಗಳ ಮೇಲೆ.

ಮೊದಲಿಗೆ ಯೋಜನೆಯ ಶಿಸ್ತನ್ನು ಒಪ್ಪಿಕೊಳ್ಳಬೇಕು. ಯಾರೋ ಒಬ್ಬರು ಮೈಕು ಹಿಡಿದು ತೋಚಿದ್ದನ್ನು ಹೇಳಿದ ಪಾಠಗಳಲ್ಲ ಇವು. ಮೊದಲು ಬರವಣಿಗೆ ಆಗಬೇಕು. ಅದರಲ್ಲಿ ಎರಡು ಕಂಬಗಳು: ಒಂದರಲ್ಲಿ ಪರದೆಯ ಮೇಲೆ ಏನು ಕಾಣಬೇಕು ಎಂಬುದು, ಇನ್ನೊಂದರಲ್ಲಿ ಆಗ ಏನು ಹೇಳಬೇಕು ಎಂಬುದು. ಬರೆದ ಮೇಲೆ ಆ ವಿಷಯ ತಿಳಿಯದ ಒಬ್ಬರು ಅದನ್ನು ಓದುತ್ತ ತಾವೇ ಮಾಡಿ ನೋಡಬೇಕು. ಅವರು ಎಲ್ಲಿ ಎಡವುತ್ತಾರೋ ಅಲ್ಲಿ ಬರಹ ತಿದ್ದಬೇಕು. ಆ ಬಳಿಕವೇ ಮುದ್ರಣ. ನಮ್ಮ ಪಠ್ಯಪುಸ್ತಕಗಳಲ್ಲಿ ಎಷ್ಟಕ್ಕೆ ಇಂಥ ಪರೀಕ್ಷೆ ನಡೆದಿದೆಯೆಂದು ಕೇಳಿದರೆ ಉತ್ತರ ಸಂಕೋಚದ್ದಾಗುತ್ತದೆ.

ನೋಡುವ ಕ್ರಮವನ್ನೂ ಯೋಜನೆಯೇ ಹೇಳಿಕೊಡುತ್ತದೆ. ಪರದೆಯ ಒಂದು ಪಕ್ಕದಲ್ಲಿ ಪಾಠ, ಇನ್ನೊಂದು ಪಕ್ಕದಲ್ಲಿ ಕಲಿಯಬೇಕಾದ ತಂತ್ರಾಂಶ. ಧ್ವನಿ ಹೇಳಿದ್ದನ್ನು ಕೇಳಿ, ಪಾಠ ನಿಲ್ಲಿಸಿ, ಪಕ್ಕದಲ್ಲಿ ತಾನೇ ಮಾಡಿ, ಮತ್ತೆ ಮುಂದುವರಿಸಬೇಕು. ಹೀಗಾಗಿ 10 ನಿಮಿಷದ ಪಾಠಕ್ಕೆ ಅರ್ಧ ಗಂಟೆ ಹಿಡಿದರೂ ಆಶ್ಚರ್ಯವಿಲ್ಲ, ಹಿಡಿಯಲೂ ಬೇಕು. ಪಾಠವನ್ನು ಸಿನಿಮಾದಂತೆ ಎವೆಯಿಕ್ಕದೆ ನೋಡಿ ಮುಗಿಸಿದವನಿಗೆ ಎಲ್ಲ ತಿಳಿದಂತೆ ಅನ್ನಿಸುತ್ತದೆ. ಕೀಲಿಮಣೆಯ ಮೇಲೆ ಕೈಯಿಟ್ಟಾಗ ಏನೂ ತೋಚುವುದಿಲ್ಲ.

ಇಲ್ಲಿ ಹರಿಹರದ ನೆನಪು ಸಹಜ. ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ 1941ರಲ್ಲಿ ಅಲ್ಲಿ ಆರಂಭವಾಯಿತು. ಅದು ಮುಚ್ಚಿ ಬಹಳ ವರ್ಷಗಳಾದವು. ಅಲ್ಲಿ ತಯಾರಾದ ಲೇತ್ ಯಂತ್ರಗಳು ಎಷ್ಟೋ ವರ್ಕ್‌ಶಾಪುಗಳನ್ನು ಸೇರಿದವು. ಲೇತ್ ಕೆಲಸ ಕಲಿಯುವ ಹುಡುಗ ನುರಿತವನ ಪಕ್ಕದಲ್ಲಿ ನಿಂತು ನೋಡುತ್ತಾನೆ. ಚಕ್ಕಿಗೆ ಕಬ್ಬಿಣದ ತುಂಡನ್ನು ಎಷ್ಟು ಬಿಗಿ ಮಾಡಿದ, ಚಕ್ರವನ್ನು ತಿರುಗಿಸುವಾಗ ಮಣಿಕಟ್ಟು ಹೇಗೆ ಸಾವಕಾಶವಾಯಿತು, ಶಬ್ದ ಬದಲಾದೊಡನೆ ಯಾವ ಕೈ ಎಲ್ಲಿಗೆ ಹೋಯಿತು ಎಂಬುದೆಲ್ಲ ಅವನಿಗೆ ಕಾಣುತ್ತದೆ, ಕೇಳುತ್ತದೆ. ಪರದೆಮುದ್ರಿಕೆಯಲ್ಲಿ ಕೆಲಸ ಕಾಣುತ್ತದೆ, ಕೈ ಕಾಣುವುದಿಲ್ಲ. ಕೈಯ ಬದಲಿಗೆ ಇರುವುದು ಬೆರಳ ತುದಿಯಷ್ಟು ಗಾತ್ರದ ಒಂದು ಬಾಣ. ಮೌಸಿನ ಎಡಗುಂಡಿ ಒತ್ತಿದರೋ ಬಲಗುಂಡಿಯೋ, ಒಮ್ಮೆಯೋ ಎರಡು ಸಲವೋ, ಕಂಟ್ರೋಲ್ ಕೀಲಿಯನ್ನು ಹಿಡಿದೇ ಇನ್ನೊಂದನ್ನು ಒತ್ತಿದರೋ, ಇವು ಯಾವುವೂ ಪರದೆಯ ಮೇಲೆ ಮೂಡುವುದಿಲ್ಲ. ಹಾಗಾಗಿ ಈ ಪಾಠಗಳಲ್ಲಿ ಮಾತು ಅಲಂಕಾರಕ್ಕೆ ಇರುವುದಲ್ಲ. ಕಾಣದ ಕೈಯನ್ನು ಕಾಣಿಸುವ ಹೊಣೆ ಅದರದು. ಮಾತು ತಪ್ಪಿದರೆ, ತಡವಾದರೆ, ಪಾಠವೇ ಕೆಟ್ಟಿತು.

ಕನ್ನಡ ಪಾಠಗಳ ದೊಡ್ಡ ತೊಡಕು ಈ ಜಾಗದಲ್ಲಿಯೇ ಇದೆ. ಭಾಷಾಂತರದಲ್ಲಿ ಬದಲಾಗುವುದು ಧ್ವನಿ ಮಾತ್ರ. ಚಿತ್ರ ಇಂಗ್ಲಿಷ್ ಪಾಠದ್ದೇ. ಬಾಣ ಯಾವಾಗ ಎಲ್ಲಿಗೆ ಹೋಗಬೇಕು, ಪಟ್ಟಿ ಯಾವ ಕ್ಷಣದಲ್ಲಿ ತೆರೆಯಬೇಕು ಎಂಬುದನ್ನು ಇಂಗ್ಲಿಷ್ ವಾಕ್ಯದ ಓಟ ಮೊದಲೇ ನಿರ್ಧರಿಸಿಬಿಟ್ಟಿದೆ. ಆ ಅಚ್ಚಿನೊಳಗೆ ಕನ್ನಡ ವಾಕ್ಯವನ್ನು ತುರುಕಬೇಕು.

ಎರಡು ಭಾಷೆಗಳ ವಾಕ್ಯರಚನೆ ತದ್ವಿರುದ್ಧ ಎಂಬುದು ಶಾಲೆಯ ವ್ಯಾಕರಣದಲ್ಲಿಯೇ ತಿಳಿದ ಸಂಗತಿ. ಅದರ ಪರಿಣಾಮ ಇಲ್ಲಿ ಹೇಗಾಗುತ್ತದೆಂದು ನೋಡೋಣ. ಕಿಟಕಿಯ ಮೇಲ್ಭಾಗದಲ್ಲಿ ಎಡ ಮೂಲೆಯಲ್ಲಿರುವ ಸೇವ್ ಗುಂಡಿಯನ್ನು ಕ್ಲಿಕ್ ಮಾಡಿ ಎಂಬ ಸೂಚನೆಯನ್ನು ತೆಗೆದುಕೊಳ್ಳಿ. ಇಂಗ್ಲಿಷಿನಲ್ಲಿ ಮೊದಲು ಬರುವುದು ಕ್ಲಿಕ್ ಎಂಬ ಕ್ರಿಯೆ, ಆಮೇಲೆ ಗುಂಡಿಯ ಹೆಸರು, ಆಮೇಲೆ ಮೂಲೆ, ಕೊನೆಗೆ ಕಿಟಕಿ. ಇಂಗ್ಲಿಷ್ ಬೋಧಕರು ಗುಂಡಿಯ ಹೆಸರು ಹೇಳುವಷ್ಟರಲ್ಲಿ ಬಾಣ ಅಲ್ಲಿಗೆ ತಲುಪಿರುತ್ತದೆ. ಕನ್ನಡದ ಧ್ವನಿ ಆಗಿನ್ನೂ ಕಿಟಕಿಯ ಮೇಲ್ಭಾಗದಲ್ಲಿ ಎಂದು ಹೇಳುತ್ತಿರುತ್ತದೆ. ಕನ್ನಡದ ಕ್ಲಿಕ್ ಮಾಡಿ ಕಿವಿಗೆ ಬೀಳುವ ಹೊತ್ತಿಗೆ ಪರದೆಯ ಮೇಲೆ ಕೆಲಸ ಮುಗಿದು ಮುಂದಿನ ಚೌಕಟ್ಟು ತೆರೆದುಕೊಂಡಿರುತ್ತದೆ.

ವಿಷಾದದ ಸಂಗತಿಯೆಂದರೆ, ಇಂಥ ಸೂಚನೆಗೆ ಕನ್ನಡದ ವಾಕ್ಯಕ್ರಮ ಇಂಗ್ಲಿಷಿಗಿಂತ ಹೆಚ್ಚು ಹೊಂದಿಕೆಯಾಗುವಂಥದು. ಕಿಟಕಿ, ಅದರಲ್ಲಿ ಮೇಲ್ಭಾಗ, ಅದರಲ್ಲಿ ಎಡ ಮೂಲೆ, ಅಲ್ಲೊಂದು ಗುಂಡಿ, ಈಗ ಕ್ಲಿಕ್. ದೊಡ್ಡದರಿಂದ ಸಣ್ಣದಕ್ಕೆ ಕಣ್ಣನ್ನು ಕರೆದೊಯ್ದು ಕೊನೆಯಲ್ಲಿ ಬೆರಳಿಗೆ ಆಜ್ಞೆ ಕೊಡುವ ಕ್ರಮ ಇದು. ಕಣ್ಣು ಮತ್ತು ಕೈ ನಿಜವಾಗಿ ಕೆಲಸ ಮಾಡುವುದೂ ಇದೇ ಅನುಕ್ರಮದಲ್ಲಿ. ಮೆನುವಿನ ಒಳಗೆ ಮೆನು ಇರುವ ಕಡೆಯಂತೂ ಕನ್ನಡದ ಅನುಕೂಲ ಎದ್ದು ಕಾಣುತ್ತದೆ. ಮೊದಲಿನಿಂದಲೇ ಕನ್ನಡದಲ್ಲಿ ಬರೆದು, ಕನ್ನಡ ಮಾತಿನ ಓಟಕ್ಕೆ ಬಾಣವನ್ನು ನಡೆಸಿ ಮುದ್ರಿಸಿದರೆ ಇಂಗ್ಲಿಷ್ ಪಾಠಕ್ಕಿಂತ ಸ್ಪಷ್ಟವಾದ ಪಾಠ ಆಗಬಲ್ಲದು. ಧ್ವನಿಯನ್ನು ಮಾತ್ರ ಬದಲಿಸಿದಾಗ ಭಾಷೆಯ ಈ ಬಲವೇ ದೌರ್ಬಲ್ಯವಾಗಿ ತೋರುತ್ತದೆ. ಕೇಳಿದ ವಿದ್ಯಾರ್ಥಿ ಕನ್ನಡದಲ್ಲಿ ಇದೆಲ್ಲ ಸರಿಹೋಗುವುದಿಲ್ಲ ಎಂಬ ತೀರ್ಮಾನಕ್ಕೆ ಬರುತ್ತಾನೆ. ಈ ತೀರ್ಮಾನ ತಪ್ಪು, ಆದರೆ ಅದಕ್ಕೆ ಅವನನ್ನು ದೂರುವಂತಿಲ್ಲ.

ಉದ್ದದ ಪ್ರಶ್ನೆಯೂ ಇದೆ. ಕ್ಲಿಕ್ ಆನ್ ದ ಸೇವ್ ಬಟನ್ ಎಂಬುದನ್ನು ಇಂಗ್ಲಿಷಿನವರು ಉಚ್ಚರಿಸುವಾಗ 6 ಉಚ್ಚಾರಾಂಶಗಳು. ಸೇವ್ ಬಟನ್ ಮೇಲೆ ಕ್ಲಿಕ್ ಮಾಡಿ ಎಂದರೆ 8. ವ್ಯತ್ಯಾಸ ಸಣ್ಣದೇ, ಆದರೆ ಹತ್ತು ನಿಮಿಷದುದ್ದಕ್ಕೂ ಸೇರುತ್ತ ಹೋಗುತ್ತದೆ. ಪ್ರತ್ಯಯಗಳು ಸೇರಿ ಉದ್ದವಾದ ಕನ್ನಡ ಪದಗಳನ್ನು ನಿಗದಿತ ಕಾಲದೊಳಗೆ ಮುಗಿಸಬೇಕಾದಾಗ ಓದುವವರು ಓಡಬೇಕಾಗುತ್ತದೆ. ಓಡುವ ಧ್ವನಿಗೆ ಏರಿಳಿತವಿರುವುದಿಲ್ಲ, ಎಲ್ಲಿ ನಿಲ್ಲಬೇಕೋ ಅಲ್ಲಿ ನಿಲುಗಡೆಯೂ ಇರುವುದಿಲ್ಲ. ಕೆಲವು ಪಾಠಗಳನ್ನು ಕೇಳುವಾಗ ರೈಲು ನಿಲ್ದಾಣದ ಪ್ರಕಟಣೆಯ ನೆನಪಾಗುತ್ತದೆ.

ಅಮೆರಿಕದ ಮನಶ್ಶಾಸ್ತ್ರಜ್ಞ ರಿಚರ್ಡ್ ಮೇಯರ್ ಅವರು ಚಿತ್ರ ಮತ್ತು ಮಾತು ಜತೆಗೂಡಿದ ಕಲಿಕೆಯನ್ನು ಹಲವು ವರ್ಷ ಪ್ರಯೋಗಗಳಿಂದ ಪರೀಕ್ಷಿಸಿದ್ದಾರೆ. ಸಂಬಂಧಪಟ್ಟ ಮಾತು ಮತ್ತು ಚಿತ್ರ ಒಂದೇ ಸಮಯದಲ್ಲಿ ಬಂದರೆ ಕಲಿಕೆ ಚೆನ್ನಾಗುತ್ತದೆ, ಹಿಂದುಮುಂದಾದರೆ ಕುಗ್ಗುತ್ತದೆ ಎಂಬುದು ಅವರು ಎತ್ತಿ ತೋರಿಸಿದ ತತ್ತ್ವಗಳಲ್ಲಿ ಒಂದು. ನಮ್ಮ ತತ್‌ಕ್ಷಣದ ಸ್ಮೃತಿಯ ಸಾಮರ್ಥ್ಯ ಕಿರಿದು. ಈಗ ಕೇಳಿದ ಮಾತನ್ನು ಮನಸ್ಸಿನಲ್ಲಿ ಹಿಡಿದಿಟ್ಟುಕೊಂಡು, ಎರಡು ಸೆಕೆಂಡ್ ಹಿಂದೆ ಕಂಡ ಚಿತ್ರದೊಂದಿಗೆ ಹೊಂದಿಸುವ ಕೆಲಸಕ್ಕೇ ಅದು ಖರ್ಚಾಗಿಹೋದರೆ ವಿಷಯವನ್ನು ಅರ್ಥಮಾಡಿಕೊಳ್ಳಲು ಏನೂ ಉಳಿಯುವುದಿಲ್ಲ. ಗಣಕಕ್ಕೆ ಹೊಸಬನಾದವನಿಗೆ ಈ ಹೊರೆ ಇನ್ನೂ ಹೆಚ್ಚು. ಬಲ್ಲವನು ಮಾತನ್ನು ಕೇಳದೆಯೂ ಚಿತ್ರ ನೋಡಿ ಊಹಿಸಿಕೊಳ್ಳುತ್ತಾನೆ. ಯಾರಿಗಾಗಿ ಕನ್ನಡದ ಧ್ವನಿ ಸೇರಿಸಲಾಯಿತೋ ಅವನಿಗೇ ಹೊಂದಾಣಿಕೆಯ ಕೊರತೆ ಹೆಚ್ಚು ಬಾಧಿಸುವುದು.

ಇನ್ನು ಪದಗಳ ವಿಚಾರ. ಪರದೆಯ ಮೇಲಿನ ಮೆನು ಇಂಗ್ಲಿಷಿನಲ್ಲಿದೆ. ಧ್ವನಿ ಕಡತ ಎಂದರೆ ವಿದ್ಯಾರ್ಥಿ ಪರದೆಯ ಮೇಲೆ ಕಡತ ಎಂಬ ಪದವನ್ನು ಹುಡುಕುತ್ತಾನೆ, ಅದು ಅಲ್ಲಿಲ್ಲ. ಆದ್ದರಿಂದ ಒತ್ತಬೇಕಾದ ಗುಂಡಿ, ತೆರೆಯಬೇಕಾದ ಮೆನು ಇವನ್ನು ಪರದೆಯಲ್ಲಿರುವಂತೆಯೇ ಫೈಲ್, ಇನ್ಸರ್ಟ್, ಫಾರ್ಮ್ಯಾಟ್ ಎಂದು ಹೇಳುವುದೇ ಸರಿ. ಕನ್ನಡ ಪಾಠಗಳು ಬಹುಮಟ್ಟಿಗೆ ಹೀಗೆಯೇ ಮಾಡಿವೆ. ಇದನ್ನು ಭಾಷೆಯ ಸೋಲೆಂದು ಬಗೆಯಬೇಕಾಗಿಲ್ಲ. ಲಿಬ್ರೆ ಆಫೀಸನ್ನು ಕನ್ನಡ ಮೆನುಗಳೊಡನೆಯೂ ಬಳಸಬಹುದು; ಸ್ವಯಂಸೇವಕರು ಶ್ರಮಪಟ್ಟು ಮಾಡಿದ ಕೆಲಸವದು. ಆ ಮೆನುಗಳನ್ನೇ ಪರದೆಯಲ್ಲಿಟ್ಟು ಪಾಠ ಮಾಡಿದಾಗ ಕಡತ ಎನ್ನಬಹುದು, ಎನ್ನಲೇಬೇಕು.

ಆಕ್ಷೇಪಿಸಬೇಕಾದದ್ದು ಬೇರೆ. ಮೆನುವಿನ ಹೆಸರು ಇಂಗ್ಲಿಷಿನಲ್ಲಿರಲಿ, ಅದು ಏನು ಮಾಡುತ್ತದೆ ಎಂಬ ವಿವರಣೆ ಆಡುಗನ್ನಡಕ್ಕೆ ಹತ್ತಿರವಿರಬೇಕಾಗಿತ್ತು. ಅಲ್ಲಿ ಗ್ರಾಂಥಿಕ ಭಾಷೆ ನುಗ್ಗಿದೆ. ನೋಡಬಹುದಾಗಿದೆ, ಗಮನಿಸತಕ್ಕದ್ದು, ಕಾರ್ಯಗತಗೊಳಿಸಲ್ಪಡುತ್ತದೆ ಎಂಬ ಬಗೆಯ ಕ್ರಿಯಾಪದಗಳನ್ನು ಓದಬಹುದು, ಕಿವಿಯಲ್ಲಿ ಕೇಳಿ ಅದೇ ಕ್ಷಣ ಕೈಯಲ್ಲಿ ಮಾಡಲಾಗದು. ಪ್ರೋಗ್ರಾಮ್ ಓಡುತ್ತದೆ, ಉತ್ತರ ಕೆಳಗೆ ಬರುತ್ತದೆ ಎಂದರೆ ಯಾರ ಗೌರವಕ್ಕೂ ಕುಂದಿಲ್ಲ. ಒಂದೇ ಪರಿಕಲ್ಪನೆಗೆ ಒಂದು ಪಾಠದಲ್ಲಿ ಒಂದು ಪದ, ಇನ್ನೊಬ್ಬರು ಓದಿದ ಮುಂದಿನ ಪಾಠದಲ್ಲಿ ಇನ್ನೊಂದು ಪದ ಬಂದರೆ ಸರಣಿಯಾಗಿ ಕಲಿಯುವವನು ಎರಡೂ ಬೇರೆ ವಸ್ತುಗಳೆಂದು ತಿಳಿಯುತ್ತಾನೆ. ಪುಸ್ತಕಕ್ಕೆ ಸಂಪಾದಕರಿರುವಂತೆ ಪ್ರತಿ ಭಾಷೆಯ ಇಡೀ ಸರಣಿಗೆ ಒಬ್ಬ ಪದಸಂಪಾದಕರು ಬೇಕು.

ಉದಾಹರಣೆಗಳ ಆಯ್ಕೆಯ ಬಗ್ಗೆ ದೂರುವುದು ಸುಲಭ. ಮೆಕ್ಕೆಜೋಳದ ಧಾರಣೆ, ಭದ್ರಾ ನಾಲೆಯ ಸರದಿ ಇವೆಲ್ಲ ಏಕಿಲ್ಲ ಎಂದು ಕೇಳಬಹುದು. ಆದರೆ ಲಿಬ್ರೆ ಆಫೀಸ್ ಕ್ಯಾಲ್ಕ್ ಪಾಠಗಳು ಮನೆಯ ಖರ್ಚಿನ ಪಟ್ಟಿಯನ್ನು ಹಿಡಿದುಕೊಂಡು ಸಾಗುತ್ತವೆ. ಬಾಡಿಗೆ, ವಿದ್ಯುತ್ ಬಿಲ್ಲು, ಫೋನ್ ಬಿಲ್ಲು, ಎಷ್ಟು ಕೊಟ್ಟಾಯಿತು, ಎಷ್ಟು ಬಾಕಿ. ಕೊಠಡಿ ಬಾಡಿಗೆಯನ್ನು ನಾಲ್ವರಲ್ಲಿ ಹಂಚಿಕೊಳ್ಳುವ ಎಸ್.ಎಸ್. ಬಡಾವಣೆಯ ವಿದ್ಯಾರ್ಥಿಗೆ ಇದಕ್ಕಿಂತ ಹತ್ತಿರದ ಉದಾಹರಣೆ ಯಾವುದಿದ್ದೀತು?

ಮೆಚ್ಚಲೇಬೇಕಾದ ಒಂದು ಗುಣವನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕು. ಮುದ್ರಿತ ಪಾಠಗಳ ಸಾಮಾನ್ಯ ಕಾಯಿಲೆಯೆಂದರೆ ಅತಿಯಾದ ಶುಚಿತ್ವ. ಬೋಧಕರು ಎಡವಿದ್ದನ್ನೆಲ್ಲ ಕತ್ತರಿಸಿ, ಸರಿಯಾದ ದಾರಿಯನ್ನು ಮಾತ್ರ ತೋರಿಸುತ್ತಾರೆ. ನೋಡುವವನಿಗೆ ಎಲ್ಲವೂ ನೀರು ಕುಡಿದಷ್ಟು ಸುಲಭ. ತಾನೇ ಮಾಡಹೊರಟಾಗ ಕೆಂಪಕ್ಷರದ ಒಂದು ಸಾಲು ಎದುರಾದರೆ ಅದನ್ನು ಹೇಗೆ ಓದಬೇಕೆಂಬುದೇ ತಿಳಿಯುವುದಿಲ್ಲ. ಸ್ಪೋಕನ್ ಟ್ಯುಟೋರಿಯಲ್‌ನ ಸಿ ಮತ್ತು ಸಿ++ ಪಾಠಗಳು ಈ ಕಾಯಿಲೆಗೆ ಮದ್ದನ್ನು ಪಾಠದೊಳಗೇ ಇಟ್ಟಿವೆ. ಪ್ರೋಗ್ರಾಮ್ ಸರಿಯಾಗಿ ಓಡಿದ ಮೇಲೆ ಸಾಮಾನ್ಯವಾಗಿ ಆಗುವ ತಪ್ಪುಗಳನ್ನು ನೋಡೋಣ ಎಂದು ಒಂದು ಭಾಗ ಬರುತ್ತದೆ. ಬೇಕೆಂದೇ ಸಾಲಿನ ಕೊನೆಯ ಅರ್ಧವಿರಾಮ ಚಿಹ್ನೆಯನ್ನು ಅಳಿಸುತ್ತಾರೆ, ಇಲ್ಲವೇ ಮುಚ್ಚುವ ಆವರಣವನ್ನು ತೆಗೆಯುತ್ತಾರೆ. ಮತ್ತೆ ಕಂಪೈಲ್ ಮಾಡುತ್ತಾರೆ. ದೋಷದ ಸಂದೇಶ ಬರುತ್ತದೆ, ಅದರಲ್ಲಿ ಸಾಲಿನ ಸಂಖ್ಯೆ ಎಲ್ಲಿದೆಯೆಂದು ತೋರಿಸುತ್ತಾರೆ, ಪ್ರೋಗ್ರಾಮಿಗೆ ಮರಳಿ ತಿದ್ದುತ್ತಾರೆ, ಪುನಃ ಓಡಿಸುತ್ತಾರೆ. ಒಂದೆರಡು ನಿಮಿಷದೊಳಗೆ ಮುಗಿಯುವ ಈ ಭಾಗ ಇಡೀ ಪಾಠದ ಅತ್ಯಂತ ಬೆಲೆಯುಳ್ಳ ಭಾಗ. ದೋಷಸಂದೇಶ ಬೈಗುಳವಲ್ಲ, ಅದೊಂದು ವಿಳಾಸ ಎಂಬ ತಿಳಿವಳಿಕೆ ಒಮ್ಮೆ ಬಂದರೆ ಹೊಸಬನ ಅಂಜಿಕೆ ಅರ್ಧ ಕರಗುತ್ತದೆ. ಚಿಹ್ನೆ ಬಿಟ್ಟುಹೋದದ್ದು ಒಂದು ಸಾಲಿನಲ್ಲಾದರೆ ಕಂಪೈಲರ್ ಅದರ ಮುಂದಿನ ಸಾಲಿನ ಸಂಖ್ಯೆಯನ್ನು ತೋರಿಸುವುದುಂಟು ಎಂಬಂಥ ಸೂಕ್ಷ್ಮಗಳು ಪುಸ್ತಕದಲ್ಲಿ ಓದಿದಾಗ ತಲೆಗೆ ಹತ್ತುವುದಿಲ್ಲ. ಕಣ್ಣೆದುರು ನಡೆದಾಗ ಮರೆಯುವುದಿಲ್ಲ. ಈ ಕ್ರಮವನ್ನು ಕಚೇರಿ ತಂತ್ರಾಂಶಗಳ ಪಾಠಗಳಿಗೂ ವಿಸ್ತರಿಸಬೇಕಾಗಿತ್ತು. ಸೂತ್ರದಲ್ಲಿ ಕೋಶದ ವಿಳಾಸ ತಪ್ಪಿದರೆ ಏನು ಬರುತ್ತದೆ, ಕನ್ನಡ ಅಕ್ಷರಗಳ ಬದಲು ಚೌಕಗಳು ಕಂಡರೆ ಏನು ಮಾಡಬೇಕು ಎಂಬುವು ನಮ್ಮವರಿಗೆ ದಿನನಿತ್ಯದ ತಾಪತ್ರಯಗಳು.

ಯೋಜನೆಯ ಉದ್ದೇಶ ಮತ್ತು ಕಾಲೇಜುಗಳ ಬಳಕೆ ಇವೆರಡರ ನಡುವಿನ ಅಂತರ ಇನ್ನೊಂದು ಚಿಂತೆ. ಇಡೀ ತರಗತಿಗೆ ಒಂದೇ ಪ್ರೊಜೆಕ್ಟರಿನಲ್ಲಿ, ಒಂದೇ ಸ್ಪೀಕರಿನಲ್ಲಿ ಪಾಠ ಹಾಕಿ ಕಾರ್ಯಾಗಾರ ನಡೆಯಿತೆಂದು ಬರೆದುಕೊಂಡರೆ, ಒಬ್ಬೊಬ್ಬರೂ ತಮ್ಮ ವೇಗದಲ್ಲಿ ನಿಲ್ಲಿಸಿ ಮಾಡಬೇಕೆಂಬ ಮೂಲ ಕಲ್ಪನೆಯೇ ಹೋಯಿತು. ಪಾಠದ ನಂತರದ ಪರೀಕ್ಷೆ, ಪ್ರಮಾಣಪತ್ರ ಇವು ಒಳ್ಳೆಯವೇ. ಆದರೆ ಎಷ್ಟು ಪ್ರಮಾಣಪತ್ರ ಬಂದವು ಎಂದು ಎಣಿಸುವುದಕ್ಕಿಂತ ಆರು ತಿಂಗಳ ಮೇಲೆ ಎಷ್ಟು ವಿದ್ಯಾರ್ಥಿಗಳು ತಮ್ಮ ಪ್ರಾಜೆಕ್ಟ್ ವರದಿಯನ್ನು ಲೇಟೆಕ್‌ನಲ್ಲಿ ಬರೆದರು ಎಂದು ಕೇಳಿದರೆ ತಿಳಿಯುವುದು ಹೆಚ್ಚು.

ಇದಕ್ಕಿಂತ ಗಂಭೀರವಾದುದು ಮೊಬೈಲಿನ ಪ್ರಶ್ನೆ. ಪಾಠವೊಂದು ಪಕ್ಕ, ತಂತ್ರಾಂಶವೊಂದು ಪಕ್ಕ ಎಂಬ ಕ್ರಮ ರೂಪುಗೊಂಡದ್ದು ಮೇಜಿನ ಗಣಕಕ್ಕೆ. ಈಗ ಕೊಠಡಿಯಲ್ಲಿ ಕುಳಿತ ವಿದ್ಯಾರ್ಥಿಯ ಕೈಯಲ್ಲಿರುವುದು ಬಹುತೇಕ ಮೊಬೈಲು ಮಾತ್ರ. ಅಲ್ಲಿ ಇನ್ನೊಂದು ಪಕ್ಕವೇ ಇಲ್ಲ. ದೊಡ್ಡ ಪರದೆಯಲ್ಲಿ ಮುದ್ರಿಸಿದ ಮೆನುವಿನ ಅಕ್ಷರಗಳು ಅಂಗೈಯಗಲದ ಪರದೆಯಲ್ಲಿ ಇರುವೆಸಾಲಿನಂತೆ ಕಾಣುತ್ತವೆ. ನೋಡುವುದು ಮಾತ್ರ ಉಳಿಯಿತು, ಮಾಡುವುದು ಹೋಯಿತು. ಇದಕ್ಕೆ ಪಾಠ ತಯಾರಿಸುವವರು ಅಲ್ಪಸ್ವಲ್ಪ ಪರಿಹಾರ ಒದಗಿಸಬಹುದು: ಇಡೀ ಪರದೆಯ ಬದಲು ಕೆಲಸ ನಡೆಯುವ ಭಾಗವನ್ನು ಹಿಗ್ಗಿಸಿ ತೋರಿಸುವುದು, ಅಕ್ಷರದ ಗಾತ್ರವನ್ನು ಇಮ್ಮಡಿಸಿ ಮುದ್ರಿಸುವುದು. ಉಳಿದದ್ದು ಕಾಲೇಜುಗಳ ಹೊಣೆ. ಸಂಜೆ 5ಕ್ಕೆ ಬೀಗ ಬೀಳುವ ಗಣಕ ಪ್ರಯೋಗಾಲಯವನ್ನು 8ರವರೆಗೆ ತೆರೆದಿಟ್ಟರೆ ಹೊಸ ಪಾಠಗಳನ್ನು ತಯಾರಿಸಿದ್ದಕ್ಕಿಂತ ಹೆಚ್ಚು ಪ್ರಯೋಜನವಾದೀತು.

ಪಾಠದ ಉದ್ದದ ಬಗ್ಗೆ ಒಂದು ಮಾತು. ಫಿಲಿಪ್ ಗುವೊ ಮತ್ತು ಸಂಗಡಿಗರು ಎಡ್‌ಎಕ್ಸ್ ತರಗತಿಗಳ 69 ಲಕ್ಷ ವೀಕ್ಷಣೆಗಳನ್ನು ವಿಶ್ಲೇಷಿಸಿ 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, 6 ನಿಮಿಷಕ್ಕಿಂತ ಚಿಕ್ಕ ಪಾಠಗಳನ್ನು ವಿದ್ಯಾರ್ಥಿಗಳು ಹೆಚ್ಚು ಪೂರ್ಣವಾಗಿ ನೋಡಿದರೆಂದು ಕಂಡುಬಂದಿತು. ಇದನ್ನು ಮುಂದಿಟ್ಟುಕೊಂಡು 10 ನಿಮಿಷ ಹೆಚ್ಚಾಯಿತೆನ್ನುವವರಿದ್ದಾರೆ. ನಿಲ್ಲಿಸಿ ನಿಲ್ಲಿಸಿ ಮಾಡುವ ಪಾಠಕ್ಕೆ ಆ ಅಳತೆಗೋಲು ಹೊಂದುವುದಿಲ್ಲ ಎಂದು ನಮ್ಮ ಅಭಿಪ್ರಾಯ. ಆದರೂ ಪ್ರತಿ ಪಾಠದ ಆದಿಯಲ್ಲಿ ಉದ್ದೇಶಗಳ ಪಟ್ಟಿ, ಅಂತ್ಯದಲ್ಲಿ ಯೋಜನೆಯ ಪರಿಚಯ, ಧನಸಹಾಯದ ಸ್ಮರಣೆ, ಕಾರ್ಯಾಗಾರದ ವಿವರ ಇವೆಲ್ಲ ಯಥಾಪ್ರಕಾರ ಪುನರಾವರ್ತನೆಯಾಗುವುದನ್ನು ಬಿಟ್ಟಿದ್ದರೆ ಆ ಸಮಯದಲ್ಲಿ ಕನ್ನಡದ ಧ್ವನಿ ಸ್ವಲ್ಪ ಉಸಿರಾಡಬಹುದಾಗಿತ್ತು.

ಶಿಕ್ಷಕರೇ ತಯಾರಿಸಿದ ಪರದೆಮುದ್ರಿಕೆಗಳ ಕಥೆ ಬೇರೆ. 2020ರಲ್ಲಿ ಕೊರೊನಾ ಕಾರಣದಿಂದ ಶಾಲೆಗಳು ಮುಚ್ಚಿದಾಗ ದೂರದರ್ಶನದ ಚಂದನ ವಾಹಿನಿಯಲ್ಲಿ ಸಂವೇದ ಪಾಠಗಳು ಬಂದವು. ಅದರ ಜತೆಗೆ ಅಸಂಖ್ಯ ಶಿಕ್ಷಕರು ತಮ್ಮ ಮೊಬೈಲಿನಲ್ಲಿಯೇ ಪರದೆ ದಾಖಲಿಸಿ ವಾಟ್ಸ್‌ಆ್ಯಪ್ ಗುಂಪುಗಳಿಗೆ ಕಳಿಸಿದರು. ಅವುಗಳ ತಾಂತ್ರಿಕ ಗುಣಮಟ್ಟ ಹೇಳಿಕೊಳ್ಳುವಂತಿರಲಿಲ್ಲ. ಹಿನ್ನೆಲೆಯಲ್ಲಿ ಕುಕ್ಕರಿನ ಸೀಟಿ, ಬೀದಿಯ ತರಕಾರಿಯವನ ಕೂಗು. ಆದರೆ ಮಾತು ಮತ್ತು ಚಿತ್ರ ಒಟ್ಟಿಗೆ ನಡೆದಿದ್ದವು, ಯಾಕೆಂದರೆ ಎರಡೂ ಒಬ್ಬರದೇ, ಎರಡೂ ಕನ್ನಡದ್ದೇ. ಜಿಯೋಜೀಬ್ರಾದಲ್ಲಿ ತ್ರಿಭುಜದ ಶೃಂಗವನ್ನು ಎಳೆಯುತ್ತ, ನೋಡ್ರಿ, ಮೂರೂ ಕೋನ ಬದಲಾದವು, ಮೊತ್ತ ಮಾತ್ರ 180ರಲ್ಲೇ ನಿಂತಿದೆ ಎಂದು ಹೇಳುವ ಮೇಷ್ಟರ ಎರಡು ನಿಮಿಷದ ಪಾಠದಲ್ಲಿ, ಧ್ವನಿ ಬದಲಿಸಿದ ಪಾಠದಲ್ಲಿ ಇಲ್ಲದ ಜೀವವಿದೆ. ಶೋಚನೀಯವೆಂದರೆ ಅವುಗಳಲ್ಲಿ ಬಹುಪಾಲು ಉಳಿದಿಲ್ಲ. ಬರಹವಿಲ್ಲ, ಹೆಸರಿಲ್ಲ, ಸೂಚಿಯಿಲ್ಲ; ಮೊಬೈಲಿನ ಜಾಗ ತುಂಬಿದಾಗ ಅಳಿಸಿಹೋದವು. ಮುಂಬಯಿಯ ಶಿಸ್ತು ಮತ್ತು ಈ ಮೇಷ್ಟರ ಮಾತು ಇವೆರಡೂ ಒಂದೆಡೆ ಸೇರಿದ ಪಾಠ ಕನ್ನಡದಲ್ಲಿ ಇನ್ನೂ ಅಪರೂಪ.

ವಿದ್ಯಾರ್ಥಿಗಳೇ ಮುದ್ರಿಸುವ ಪ್ರಯೋಗವನ್ನೂ ಅಧ್ಯಾಪಕರು ಮಾಡಿ ನೋಡಬಹುದು. ಪ್ರಯೋಗಾಲಯದ ದಾಖಲೆ ಪುಸ್ತಕದಲ್ಲಿ ಇನ್ನೊಬ್ಬರದನ್ನು ನಕಲು ಮಾಡುವುದು ಸುಲಭ. ತಾನು ಬರೆದ ಪ್ರೋಗ್ರಾಮನ್ನು ಪರದೆಯ ಮೇಲೆ ಓಡಿಸುತ್ತ, ಪ್ರತಿ ಸಾಲು ಏಕೆ ಬೇಕೆಂದು ಸ್ವಂತ ಮಾತಿನಲ್ಲಿ ಮೂರು ನಿಮಿಷ ವಿವರಿಸಿ ಮುದ್ರಿಸಿ ತರಲು ಹೇಳಿದರೆ, ತಿಳಿದದ್ದೆಷ್ಟು ಎಂಬುದು ಮೊದಲ ನಿಮಿಷದಲ್ಲಿಯೇ ಬಯಲಾಗುತ್ತದೆ. ಇಂಗ್ಲಿಷಿನಲ್ಲಿಯೇ ಹೇಳಬೇಕೆಂಬ ಕಟ್ಟಳೆ ಬೇಡ. ಉತ್ತರಪತ್ರಿಕೆಯಲ್ಲಿ ಮೌನವಾಗಿರುವ ಹುಡುಗಿ ಇಲ್ಲಿ ಮಾತನಾಡಬಹುದು.

ಸ್ಪೋಕನ್ ಟ್ಯುಟೋರಿಯಲ್ ಪಾಠಗಳನ್ನು ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿ ಬಿಡುಗಡೆ ಮಾಡಲಾಗಿದೆ. ಮೂಲವನ್ನು ಸ್ಮರಿಸಿ, ತಾವು ತಿದ್ದಿದ್ದನ್ನೂ ಅದೇ ಷರತ್ತಿನಲ್ಲಿ ಹಂಚುವುದಾದರೆ ಯಾರು ಬೇಕಾದರೂ ಮಾರ್ಪಡಿಸಬಹುದು. ಪಾಠದ ಮಾತು ಕಾಲಸೂಚನೆಯ ಸಮೇತ ಬರಹರೂಪದಲ್ಲಿಯೂ ದೊರೆಯುತ್ತದೆ. ಎಂದಮೇಲೆ ದಾವಣಗೆರೆಯ ಒಂದು ಕಾಲೇಜಿನ ಇಬ್ಬರು ಅಧ್ಯಾಪಕರು, ಕನ್ನಡ ಚೆನ್ನಾಗಿ ಓದಬಲ್ಲ ನಾಲ್ವರು ವಿದ್ಯಾರ್ಥಿಗಳು ಕೂಡಿ ಒಂದು ಸರಣಿಯನ್ನು ಹೊಸದಾಗಿ ಮುದ್ರಿಸಲು ಯಾರ ಅನುಮತಿಯೂ ಬೇಕಿಲ್ಲ. ಬೇಕಾಗುವುದು ಒಂದು ಸಾಧಾರಣ ಮೈಕು, ಪುಕ್ಕಟೆ ಸಿಗುವ ದಾಖಲೆ ತಂತ್ರಾಂಶ, ಧ್ವನಿ ತಿದ್ದಲು ಆಡಾಸಿಟಿ ಮತ್ತು ಫ್ಯಾನ್ ಆರಿಸಿದ ಕೊಠಡಿ. ಬೇಸಿಗೆಯಲ್ಲಿ ದಾವಣಗೆರೆಯವರಿಗೆ ಕೊನೆಯದೇ ಕಷ್ಟದ್ದು.

ಹೊಸದಾಗಿ ಮುದ್ರಿಸಬೇಕಾದ ಇನ್ನೊಂದು ಕಾರಣವೂ ಇದೆ. ಪುಸ್ತಕದಲ್ಲಿ ಒಂದು ಪದ ಬದಲಾದರೆ ಆ ಪುಟ ತಿದ್ದಿದರಾಯಿತು. ತಂತ್ರಾಂಶದ ಹೊಸ ಆವೃತ್ತಿಯಲ್ಲಿ ಒಂದು ಗುಂಡಿ ಜಾಗ ಬದಲಿಸಿದರೆ ಪರದೆಮುದ್ರಿಕೆಯ ಆ ಭಾಗವನ್ನು ಮತ್ತೆ ಮಾಡಬೇಕು. ಹಳೆಯ ಪಾಠಗಳಲ್ಲಿ ಕಾಣುವ ಮೆನು ಇಂದಿನ ಗಣಕದಲ್ಲಿ ಬೇರೆಡೆ ಇರುವುದುಂಟು. ಪಾಠದ ಆರಂಭದಲ್ಲಿಯೇ ಯಾವ ಕಾರ್ಯಾಚರಣ ವ್ಯವಸ್ಥೆ, ತಂತ್ರಾಂಶದ ಯಾವ ಆವೃತ್ತಿ ಬಳಸಲಾಗಿದೆಯೆಂದು ಹೇಳುತ್ತಾರೆ. ಕಲಿಯುವವರು ಆ ಸಂಖ್ಯೆಯನ್ನು ಬರೆದಿಟ್ಟುಕೊಂಡು ತಮ್ಮ ಗಣಕದಲ್ಲಿರುವ ಆವೃತ್ತಿಯೊಂದಿಗೆ ಹೋಲಿಸಿ, ಅನಂತರ ಪಾಠಕ್ಕೆ ಕುಳಿತರೆ ಇಲ್ಲದ ಗುಂಡಿಯನ್ನು ಹುಡುಕುವ ಶ್ರಮ ತಪ್ಪುತ್ತದೆ.